ಟೆಲಿಫೋನಿನ ಕೆಳಗೆ ಕಾವಿಗೆ ಕೂತ ಹೇಂಟೆ

ಮೊನ್ನೆ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಬಟ್ಟೆಯ ಚೀಲದಲ್ಲಿ ಕೋಳಿಯೊಂದನ್ನು ಹಾಕಿಕೊಂಡು ಬಸ್ಸು ಹತ್ತಿ ನನ್ನ ಪಕ್ಕದಲ್ಲಿಯೇ ಕೂತರು. ಚೀಲದ ಬಾಯಿಗೆ ದಾರ ಕಟ್ಟಿ ಕೋಳಿಯ ಕತ್ತನ್ನು ಮಾತ್ರ ಹೊರಗೆ ಬಿಟ್ಟಿದ್ದರು. ಕಂಡಕ್ಟರ್ ತಮಾಷೆಗೆ, ಕೋಳಿಗೂ ಅರ್ಧ ಟಿಕೆಟ್ ಆಗಬೇಕು ಎಂದ. "ಅದು ಸೀಟಿನಲ್ಲಿ ಕೂತಿದಾ ಮಾರಾಯ? ನನ್ನ ತೊಡೆಯ ಮೇಲೆ ಅಲ್ವಾ ಇರುದು?" ಎಂದು ಆಕೆ ಜೋರು ಮಾಡಿದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಕೋಳಿ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು.

ನೀವು ಗಮನಿಸಿದ್ದೀರೋ ಇಲ್ಲವೋ, ಕೋಳಿಗೆ ಎರಡು ಕಣ್ಣಿದ್ದರೂ ನಮ್ಮನ್ನು ನೋಡುವುದು ಒಂದೇ ಕಣ್ಣಿನಿಂದ. ನಿನಗೆ ಇಷ್ಟು ಸಾಕು ಎಂಬ ಹಾಗೆ. ಆ ನೋಟದ ಪರಿಚಯ ನನಗೆ ಚೆನ್ನಾಗಿ ಉಂಟು. ಬಸ್ಸು ವೇಣೂರು ತಲುಪುವ ತನಕ ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ತಲೆಯೊಳಗೆ ಮಾತ್ರ ಬೇರೊಂದು ಕೋಳಿ ಓಡಾಡುತ್ತಿತ್ತು.

ಹುಟ್ಟಿನಿಂದ ನಾನು ಕೋಳಿಯವಳಲ್ಲ. ಬೆಳ್ತಂಗಡಿ ಪೇಟೆಯ ಬಾಡಿಗೆ ಮನೆಯಲ್ಲಿ ಬೆಳೆದವಳು. ಮೊಟ್ಟೆ ಎಂಬುದು ಅಂಗಡಿಯಲ್ಲಿ ಹಳೆಯ ಪೇಪರಿನ ಪೊಟ್ಟಣದಲ್ಲಿ ಸಿಗುವ ವಸ್ತು ಎಂದೇ ತಿಳಿದಿದ್ದೆ. ರಜೆಯಲ್ಲಿ ಅಜ್ಜಿಮನೆಗೆ ಹೋದಾಗ ಅಲ್ಲಿಯ ಹುಂಜ ನನ್ನನ್ನು ಅಂಗಳದ ಸುತ್ತ ಅಟ್ಟಿಸಿಕೊಂಡು ಬರುತ್ತಿತ್ತು. ನಾನು ಬಾವಿಕಟ್ಟೆ ಹತ್ತಿ ನಿಂತು ಕೂಗುತ್ತಿದ್ದೆ. ಅಜ್ಜಿ ಬಂದು ನನಗೇ ಬೈಯುತ್ತಿದ್ದರು: "ಅದರ ಮನೆಗೆ ನೀನು ಬಂದದ್ದಲ್ವಾ? ಮೆಲ್ಲ ನಡಿಬೇಕು." ಅಷ್ಟಾದ ಮೇಲೂ ನಾನು ಪ್ರಾಣಿಶಾಸ್ತ್ರ ತೆಗೆದುಕೊಂಡು ಎಂ.ಎಸ್ಸಿ. ಮಾಡಿದೆ. ಯಾಕೆ ಎಂದು ಕೇಳಬೇಡಿ. ಪುಸ್ತಕದೊಳಗಿನ ಕೋಳಿ ಅಟ್ಟಿಸಿಕೊಂಡು ಬರುವುದಿಲ್ಲ, ಅದಕ್ಕೇ ಇರಬೇಕು.

ಮದುವೆಯಾಗಿ ಬಂದದ್ದು ಪುಂಜಾಲಕಟ್ಟೆಯ ಹತ್ತಿರದ ಮನೆಗೆ. ಇವರು ಬಹ್ರೈನ್‌ನಲ್ಲಿ ಕೆಲಸದಲ್ಲಿದ್ದರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ಅತ್ತೆ ಮತ್ತು ನಾನು. ನಮ್ಮ ಕಡೆ ಅತ್ತೆಯನ್ನು ಮಾಮಿ ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಬೇರೆ ಹೆಸರಿನಲ್ಲಿ ಕರೆದರೆ ಅವರು ಬೇರೆ ಯಾರೋ ಆಗಿಬಿಡುತ್ತಾರೆ. ನಾವಿಬ್ಬರೂ ಜಗಳವಾಡಿದ್ದೆಲ್ಲ ತುಳುವಿನಲ್ಲಿ. ಅದನ್ನು ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದುಹೋಗುತ್ತದೆ, ಸಹಿಸಿಕೊಳ್ಳಿ.

ಆ ವರ್ಷ ನಮ್ಮ ಮನೆಗೆ ಟೆಲಿಫೋನು ಬಂದಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಮೊಬೈಲಿನ ಹೆಸರನ್ನು ಇವರ ಬಾಯಲ್ಲಿ ಮಾತ್ರ ಕೇಳಿದ್ದೆವು. ಚಾವಡಿಯ ಮೂಲೆಯಲ್ಲಿ ಒಂದು ಮರದ ಸ್ಟೂಲು, ಅದರ ಮೇಲೆ ಮಾಮಿ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಫೋನು. ಸ್ಟೂಲಿನ ಕೆಳಗೆ ಒಂದು ಬಿದಿರಿನ ಬುಟ್ಟಿಯಲ್ಲಿ ಹಳೆಯ ಪೇಪರುಗಳು ಮತ್ತು ದಪ್ಪದ ಡೈರೆಕ್ಟರಿ. ಶುಕ್ರವಾರ ಸಂಜೆ ಇವರ ಫೋನು ಬರುತ್ತಿತ್ತು. ಅದಕ್ಕಿಂತ ಸ್ವಲ್ಪ ಮೊದಲು ನೆರೆಮನೆಯ ಬೀಪಾತುಮ್ಮನವರ ಮಗನ ಫೋನೂ ನಮ್ಮಲ್ಲಿಗೇ ಬರುತ್ತಿತ್ತು. ಅವನು ದುಬೈಯಲ್ಲಿದ್ದ. ಅವರು ಮಧ್ಯಾಹ್ನದ ನಮಾಜು, ಊಟ ಮುಗಿಸಿ ಬಂದು, ಫೋನಿನ ಎದುರು ಕಾಲು ಚಾಚಿ ಕೂತು, ಅದು ಬಾರಿಸುವ ತನಕ ಮಾಮಿಯ ಹತ್ತಿರ ಊರಿನ ಸುದ್ದಿ ಮಾತಾಡುತ್ತಿದ್ದರು.

ಇಷ್ಟರಲ್ಲಿ ನನಗೂ ಮಾಮಿಗೂ ಮಾತು ಬಿಟ್ಟುಹೋಯಿತು.

ಕಾರಣ ನನ್ನ ಕೆಲಸ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಉಪನ್ಯಾಸಕರು ಬೇಕಾಗಿದ್ದಾರೆಂದು ನಾನು ಅರ್ಜಿ ಹಾಕಿ ಸಂದರ್ಶನಕ್ಕೂ ಹೋಗಿಬಂದೆ. ಕದ್ದು ಹೋದದ್ದಲ್ಲ, ಹೇಳಿಯೇ ಹೋದದ್ದು. ಬಂದ ಸಂಜೆ ಮಾಮಿ ಅಕ್ಕಿ ಆರಿಸುತ್ತಾ, "ಅವ ಕಳಿಸುದು ಸಾಕಾಗುದಿಲ್ವಾ ನಿನಗೆ?" ಎಂದರು. "ಸಾಕಾಗ್ತದೆ. ಅದು ಅವರದ್ದು" ಎಂದೆ. "ಅವನದ್ದು, ನಿನ್ನದ್ದು ಅಂತ ಬೇರೆ ಬೇರೆ ಉಂಟಾ?" ಎಂದರು. ಉಂಟು ಎಂದುಬಿಟ್ಟೆ. ಮಾಮಿ ಗೆರಸೆಯನ್ನು ಕೆಳಗಿಟ್ಟು ಎದ್ದು ಹೋದರು. ಅಷ್ಟೇ. ಮಾರನೆಯ ದಿನದಿಂದ ಮನೆಯಲ್ಲಿ ಅವರು ಬೆಕ್ಕಿನ ಹತ್ತಿರ, ದನದ ಹತ್ತಿರ, ಒಲೆಯ ಹತ್ತಿರ ಮಾತಾಡುತ್ತಿದ್ದರು, ನನ್ನ ಹತ್ತಿರ ಇಲ್ಲ. "ಗಂಜಿ ಆಗಿದೆ, ಬೇಕಾದವರು ಉಣ್ಣಬಹುದು" ಎಂದು ಬೆಕ್ಕಿಗೆ ಹೇಳುವರು. ನಾನೂ ಏನು ಕಡಿಮೆಯಲ್ಲ. "ಪೇಟೆಗೆ ಹೋಗ್ತಾ ಇದ್ದೇನೆ, ಸಾಮಾನು ಬೇಕಿದ್ರೆ ಹೇಳ್ಬಹುದು" ಎಂದು ಬಾಗಿಲಿನ ದಾರಂದಕ್ಕೆ ಹೇಳುತ್ತಿದ್ದೆ.

ಕಾಲೇಜಿನವರು ಎರಡು ವಾರದೊಳಗೆ ಫೋನು ಮಾಡಿ ತಿಳಿಸುತ್ತೇವೆ ಎಂದಿದ್ದರು. ಹಾಗಾಗಿ ನನ್ನ ಜೀವವೆಲ್ಲ ಆ ಮೂಲೆಯ ಸ್ಟೂಲಿನ ಮೇಲಿತ್ತು. ಇಡೀ ಮನೆಯಲ್ಲಿ ಬೇರೆಲ್ಲೂ ಜಾಗವಿಲ್ಲದ ಹಾಗೆ ಮಾಮಿಯ ಚುಕ್ಕಿ ಹೇಂಟೆ ಕಾವಿಗೆ ಕೂತದ್ದು ಅದೇ ಸ್ಟೂಲಿನ ಕೆಳಗೆ.

ಮೊದಲು ಅದು ಬುಟ್ಟಿಯಲ್ಲಿ ಪೇಪರಿನ ಮೇಲೆ ಕದ್ದು ಮೊಟ್ಟೆ ಇಡುತ್ತಿತ್ತು. ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದವರು ಇನ್ನೊಬ್ಬರಿಗೆ ಹೇಳುವ ಸ್ಥಿತಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಗುಡಿಸಲು ಬಗ್ಗಿದೆ, ಒಳಗಿನಿಂದ 'ಕ್ರ್ರ್ರ್' ಎಂಬ ಶಬ್ದ. ಮೈಯ ಗರಿಯೆಲ್ಲ ಕೆದರಿಸಿ, ಬುಟ್ಟಿಯ ತುಂಬ ಹರಡಿಕೊಂಡು, ಒಂದು ಕಣ್ಣಿನಲ್ಲಿ ನನ್ನನ್ನು ನೋಡುತ್ತಾ ಕೂತಿತ್ತು. ಕಾವಿಗೆ ಕೂತ ಕೋಳಿಯ ರಕ್ತದಲ್ಲಿ ಯಾವ ರಸ ಏರುತ್ತದೆ, ಅದು ಮೆದುಳಿನ ಯಾವ ಮೂಲೆಯಿಂದ ಬರುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದವಳು. ಕೈ ಒಡ್ಡಿದರೆ ಎಷ್ಟು ಬೇಗ ಕುಕ್ಕುತ್ತದೆ ಎಂಬುದು ಪಠ್ಯದಲ್ಲಿ ಇರಲಿಲ್ಲ.

ಮಾಮಿ ಬಂದು ನೋಡಿದರು. ಅವರ ಮುಖ ಅರಳಿತು. ಬುಟ್ಟಿಯ ಪೇಪರು, ಡೈರೆಕ್ಟರಿ ತೆಗೆದು ಪಕ್ಕಕ್ಕಿಟ್ಟು, ಬೈಹುಲ್ಲು ಹಾಸಿ, ಬೆಸ ಲೆಕ್ಕದಲ್ಲಿ ಮೊಟ್ಟೆ ಇಟ್ಟು, ಗುಡುಗಿಗೆ ಮೊಟ್ಟೆ ಹಾಳಾಗದ ಹಾಗೆ ಒಂದು ಕಬ್ಬಿಣದ ಚೂರು ಮತ್ತು ಎರಡು ತುಂಡು ಆರಿದ ಮಸಿಕೆಂಡ ಸೇರಿಸಿದರು. ಕೋಳಿ ಪುನಃ ಹತ್ತಿ ಕೂತಿತು. "ಕೂತ್ಕೊ ಮಗಾ. ಯಾರಾದ್ರೂ ಒಬ್ಬರು ಮನೆಯಲ್ಲಿ ಕೂರ್ಬೇಕಲ್ಲ" ಎಂದರು ಮಾಮಿ. ಹೇಳಿದ್ದು ಕೋಳಿಗೆ.

ಆಮೇಲೆ ಶುರುವಾಯಿತು. ಫೋನು ಬಾರಿಸಿದರೆ ಕೆಳಗಿನಿಂದ ಕೋಳಿಯೂ ಕಿರುಚುತ್ತಿತ್ತು. ಮಾತಾಡಲು ನಿಂತವರ ಹಿಮ್ಮಡಿಯನ್ನು ಕುಕ್ಕುತ್ತಿತ್ತು. ಬೀಪಾತುಮ್ಮನವರು ಒಂದು ಸಲ ಕುಕ್ಕಿಸಿಕೊಂಡು, "ಇದನ್ನು ನೀರಲ್ಲಿ ಮುಳುಗಿಸಿ ತೆಗೀರಿ, ಕಾವೆಲ್ಲ ಇಳೀತದೆ" ಎಂದರು. ಮಾಮಿ ಇಡೀ ಸಂಜೆ ಅವರೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಕೋಳಿಯಿಂದ ಹೇನು ಇಳಿಯಿತು. ಸಾಸಿವೆಗಿಂತ ಸಣ್ಣ ಹೇನು, ಸ್ಟೂಲಿನ ಕಾಲು ಹತ್ತಿ, ಕಸೂತಿಯ ಬಟ್ಟೆ ದಾಟಿ, ರಿಸೀವರಿಗೂ ಬಂತು. ಇವರ ಹತ್ತಿರ ಮಾತಾಡುವಾಗ ನಾನು ಕಿವಿ ತುರಿಸುತ್ತಲೇ ಇದ್ದೆ. "ನೀನು ಅಳ್ತಾ ಇದ್ದೀಯಾ? ಎಂತದೋ ಶಬ್ದ ಬರ್ತಾ ಉಂಟಲ್ಲ?" ಎಂದು ಇವರು ಕೇಳಿದರು. "ಅಳ್ತಾ ಇಲ್ಲ, ತುರಿಸ್ತಾ ಇದ್ದೇನೆ" ಎಂದೆ. ಆಮೇಲೆ ಮಾಮಿ ರಿಸೀವರ್ ತೆಗೆದುಕೊಂಡು, "ನಿನ್ನ ಹೆಂಡತಿಗೆ ಹೇಳು, ಕೋಳಿಯನ್ನು ದುರುಗುಟ್ಟಿ ನೋಡ್ಬಾರ್ದು ಅಂತ. ಮೊಟ್ಟೆ ಕಲ್ಕಾಗ್ತದೆ, ಮರಿ ಆಗುದಿಲ್ಲ" ಎಂದರು. ಆ ಕಡೆಯಿಂದ ಇವರು ಕೂಗಿದ್ದು ನನಗೂ ಕೇಳಿಸಿತು: "ಅಮ್ಮಾ, ಅವಳು ನಿಮ್ಮ ಪಕ್ಕದಲ್ಲೇ ಇದ್ದಾಳಲ್ಲ!"

ಮುಂದಿನ ಮಂಗಳವಾರ ನಾನು ನಿರ್ಧಾರ ಮಾಡಿದೆ. ಕೋಳಿಯನ್ನು ಬೇರೆ ಗೂಡಿಗೆ ಹಾಕುವುದೇ. ಪುಂಜಾಲಕಟ್ಟೆಯ ತರಕಾರಿ ಅಂಗಡಿಯಿಂದ ಟೊಮೆಟೊ ಬರುವ ಎರಡು ಮರದ ಪೆಟ್ಟಿಗೆ ತಂದು, ಒಂದರ ಮೇಲೊಂದು ಹೊಡೆದು, ಮುಂದೆ ಗೋಣಿಯ ಪರದೆ ಕಟ್ಟಿದೆ. ಮೊಳೆಗೆ ಹೊಡೆದದ್ದಕ್ಕಿಂತ ಹೆಚ್ಚು ಪೆಟ್ಟನ್ನು ಹೆಬ್ಬೆರಳಿಗೆ ಹೊಡೆದುಕೊಂಡೆ. ಬಚ್ಚಲುಕೊಟ್ಟಿಗೆಯಲ್ಲಿ ಒಲೆಯ ಬಿಸಿ ಸ್ವಲ್ಪ ತಾಗುವ ಮೂಲೆ ಇತ್ತು, ಅಲ್ಲಿ ಇಟ್ಟೆ. ಮಾಮಿ ದೂರದಿಂದಲೇ ನೋಡಿ, ದನಕ್ಕೆ ಹೇಳಿದರು: "ಒಳ್ಳೆ ಉಂಟು. ಮನುಷ್ಯರಿಗೂ ಬಾಡಿಗೆಗೆ ಕೊಡ್ಬಹುದು."

ಕೈಗೆ ಅಡುಗೆಮನೆಯ ಮಸಿಬಟ್ಟೆ ಸುತ್ತಿ, ಹಾಡುಹಗಲಲ್ಲಿ ಕೋಳಿಯನ್ನು ಎತ್ತಿದೆ. ಅದು ಬಟ್ಟೆ ಇಲ್ಲದ ಜಾಗ ನೋಡಿಯೇ ಕುಕ್ಕಿತು. ನಾನು ಕಿರುಚಿದೆ, ಅದೂ ಕಿರುಚಿತು. ಮಾಮಿ ಮಾತಿಲ್ಲದೆ ಬಂದು ಮೊಟ್ಟೆಗಳನ್ನು ಸೆರಗಿನಲ್ಲಿ ತುಂಬಿಕೊಂಡು, ಬುಟ್ಟಿಯನ್ನೂ ಹಿಡಿದು ಹಿಂದೆಯೇ ನಡೆದರು. ಮೊಟ್ಟೆ ಇಟ್ಟು, ಕೋಳಿ ಇಟ್ಟು, ಪರದೆ ಎಳೆದೆವು. ನಾನು ಕೈ ತೊಳೆದು ಚಾವಡಿಗೆ ಬರುವಾಗ ಕೋಳಿ ನನಗಿಂತ ಮೊದಲೇ ಬಂದು ಸ್ಟೂಲಿನ ಕೆಳಗೆ ನಿಂತಿತ್ತು. ಬುಟ್ಟಿ ಇಲ್ಲ, ಮೊಟ್ಟೆ ಇಲ್ಲ. ಸುತ್ತ ಒಮ್ಮೆ ನೋಡಿ, ಅಲ್ಲಿದ್ದ ಟೆಲಿಫೋನ್ ಡೈರೆಕ್ಟರಿಯ ಮೇಲೆ ಹತ್ತಿ ಕಾವಿಗೆ ಕೂತಿತು!

ಸಂಜೆ ಬುಟ್ಟಿಯನ್ನು ಪುನಃ ಅಲ್ಲಿಗೇ ತಂದಿಡಬೇಕಾಯಿತು. ಬುಧವಾರವೂ ಅದೇ ಕಥೆ. ಈ ಸಲ ಗೋಣಿಯ ಬದಲು ಹಲಗೆ ಅಡ್ಡ ಇಟ್ಟು ಅರೆಯುವ ಕಲ್ಲು ಒರಗಿಸಿದೆ. ಒಳಗೆ ಭೂಕಂಪವಾಯಿತು. ಎರಡು ಮೊಟ್ಟೆ ಒಡೆಯಿತು. ಮಾಮಿ ಓಡಿಬಂದು ಹಲಗೆ ತೆಗೆದರು. ಕೋಳಿ ನಮ್ಮಿಬ್ಬರ ನಡುವೆ ಹಾರಿ, ಅಡುಗೆಮನೆಯ ದಾರಿಯಾಗಿ, ಚಾವಡಿಗೆ. ಪುನಃ ಡೈರೆಕ್ಟರಿ. ಎಬ್ಬಿಸಲು ಹೋದರೆ ಕೊಕ್ಕು ಮೇಲೆತ್ತುತ್ತದೆ. ಮಧ್ಯಾಹ್ನದ ತನಕ ಅದು ಊರಿನವರ ಹೆಸರು ನಂಬರುಗಳಿಗೆಲ್ಲ ಕಾವು ಕೊಡುತ್ತಾ ಕೂತಿತು. ಇತ್ತ ಮೊಟ್ಟೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಒಲೆಯ ಪಕ್ಕದಲ್ಲಿಟ್ಟು ಮಾಮಿ ಕಾವಲು ಕೂತರು. "ಶಾಲೆ ಕಲಿತವರು ಇದ್ದಾರೆ ಮನೆಯಲ್ಲಿ, ಒಂದು ಕೋಳಿ ಹೇಳಿದ್ದು ಕೇಳುದಿಲ್ಲ" ಎಂದು ಒಲೆಗೆ ಹೇಳಿದರು. "ಕಲಿಯದವರು ಹೇಳಿದ್ರೂ ಕೇಳುದಿಲ್ಲ" ಎಂದು ನಾನು ಕೊಡಪಾನಕ್ಕೆ ಹೇಳಿದೆ. ಕೊನೆಗೆ ಮಾಮಿಯೇ ಸೋತು ಬುಟ್ಟಿಯನ್ನು ಮೊಟ್ಟೆ ಸಮೇತ ಸ್ಟೂಲಿನ ಕೆಳಗೆ ಇಟ್ಟರು. ಕೋಳಿ ಡೈರೆಕ್ಟರಿಯಿಂದ ಇಳಿದು ಬುಟ್ಟಿ ಹತ್ತಿತು, ಒಂದು ಮಾತೂ ಆಡದೆ.

ಗುರುವಾರ ಫೋನು ಬರಲಿಲ್ಲ. ನಾನು ಅಂಗಳ ಗುಡಿಸುವಾಗಲೂ ಕಿವಿ ಒಳಗೇ ಇಟ್ಟಿದ್ದೆ. ಶುಕ್ರವಾರ ಬೆಳಿಗ್ಗೆಯೂ ಬರಲಿಲ್ಲ. ಕಾಲೇಜಿನವರು ಕೊಟ್ಟ ಎರಡು ವಾರ ಮುಗಿಯಿತು. ಕೆಲಸ ಸಿಗಲಿಲ್ಲ ಎಂದು ಮನಸ್ಸನ್ನು ಒಪ್ಪಿಸುತ್ತಾ ಇದ್ದೆ. ಮನಸ್ಸು ಒಪ್ಪುತ್ತಿರಲಿಲ್ಲ. ಸಂದರ್ಶನದಲ್ಲಿ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಹೇಳಿದ್ದೆನಲ್ಲ!

ಮಧ್ಯಾಹ್ನದ ಮೇಲೆ ಬೀಪಾತುಮ್ಮ ಬಂದು, ಕಾಲನ್ನು ಸೀರೆಯೊಳಗೆ ಮಡಚಿಕೊಂಡು, ಕೋಳಿಯಿಂದ ದೂರ ಕೂತರು. ಹೊತ್ತು ಹೋಯಿತು. ಚಹಾ ಕುಡಿದಾಯಿತು. ಮಗನ ಫೋನು ಇಲ್ಲ. ಅವರ ಮಾತು ಕಡಿಮೆಯಾಗುತ್ತಾ ಬಂತು. "ಹೀಗೆ ಯಾವತ್ತೂ ಮಾಡಿದವನಲ್ಲ. ಜ್ವರಗಿರ ಬಂತೋ ಏನೋ" ಎಂದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಕೂತಲ್ಲಿ ಕೂರಲಾಗದೆ ಎದ್ದು ಹೋಗಿ ರಿಸೀವರ್ ಎತ್ತಿ ಕಿವಿಗೆ ಇಟ್ಟರು.

"ಮಗಳೇ, ಇದರಲ್ಲಿ ಕುಂಯ್ ಅಂತ ಸಹಾ ಇಲ್ವಲ್ಲ!"

ನಾನು ಕಸಿದುಕೊಂಡು ಕೇಳಿದೆ. ಸತ್ತಿತ್ತು. ನೆಲಕ್ಕೆ ಬಗ್ಗಿ ಸ್ಟೂಲಿನ ಕೆಳಗೆ ತಲೆ ಹಾಕಿದೆ. ಕೋಳಿ ಹಣೆಗೆ ಒಂದು ಕೊಟ್ಟಿತು. ಲೆಕ್ಕಕ್ಕೆ ಇಡಲಿಲ್ಲ. ಗೋಡೆಯ ಬುಡದಲ್ಲಿದ್ದ ಸಣ್ಣ ಪೆಟ್ಟಿಗೆಯಿಂದ ವೈರು ಕಳಚಿಹೋಗಿತ್ತು. ವೈರು ಎಲ್ಲಿ ಎಂದು ಹುಡುಕಿದರೆ ಕೋಳಿಯ ಎದೆಯ ಕೆಳಗೆ. ಕಾವಿಗೆ ಕೂತ ಕೋಳಿ ಸುತ್ತಲಿನ ಹುಲ್ಲುಕಡ್ಡಿಯನ್ನು ಕೊಕ್ಕಿನಿಂದ ಎಳೆದೆಳೆದು ಮೈಗೆ ಒತ್ತಿಕೊಳ್ಳುತ್ತದೆ. ಬುಧವಾರ ಡೈರೆಕ್ಟರಿಯ ಮೇಲೆ ಕೂತಿದ್ದಾಗ ಎಳೆಯಲು ಹುಲ್ಲು ಸಿಗಲಿಲ್ಲ, ವೈರು ಸಿಕ್ಕಿತು. ಆಮೇಲೆ ಬುಟ್ಟಿ ಬಂದಾಗ ಅದನ್ನೂ ಹುಲ್ಲಿನ ಜೊತೆ ಸೇರಿಸಿ ಅಚ್ಚುಕಟ್ಟಾಗಿ ಗೂಡು ಕಟ್ಟಿಕೊಂಡಿತ್ತು.

ವೈರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ತೆಗೆದು, ಬರಿ ಬೆರಳಿನಲ್ಲಿ ಸ್ಕ್ರೂವಿಗೆ ಸುತ್ತಿದೆ. ಸುತ್ತಿದ್ದೇ ಸರಿ, ಫೋನು ಬಾರಿಸಿತು, ನನ್ನ ಕೈಗೆ ಜುಂ ಎಂದು ಶಾಕ್ ಹೊಡೆಯಿತು. ನಾನು ಕಿರುಚಿದೆ, ಕೋಳಿ ಕಿರುಚಿತು, ಬೀಪಾತುಮ್ಮ "ಯಾ ಅಲ್ಲಾ" ಎಂದು ರಿಸೀವರಿನ ಮೇಲೆ ಬಿದ್ದರು. ಅವರ ಮಗನೇ. ಚೆನ್ನಾಗಿಯೇ ಇದ್ದ. ಆಗಿನಿಂದ ಮಾಡುತ್ತಲೇ ಇದ್ದನಂತೆ. ಅವರು ಬೈದರು, ಅತ್ತರು, ಊಟ ಮಾಡಿದೆಯಾ ಎಂದು ಕೇಳಿದರು, ಪುನಃ ಬೈದರು.

ಅದರ ಬೆನ್ನಿಗೇ ಇವರ ಫೋನು. "ನಿನ್ನೆ ಸಹಾ ಮಾಡಿದ್ದೆ. ರಿಂಗ್ ಆಗ್ತಾನೇ ಉಂಟು, ಎತ್ತುವವರೇ ಇಲ್ಲ. ನೀವಿಬ್ರು ಜಗಳ ಮಾಡಿಕೊಂಡು ಮನೆ ಬಿಟ್ಟು ಹೋದ್ರಾ ಅಂತ ಎಣಿಸಿದೆ" ಎಂದರು.

ಇಲ್ಲಿ ಫೋನು ಸತ್ತಿದ್ದರೂ ಮಾಡಿದವರ ಕಿವಿಗೆ ರಿಂಗ್ ಆಗುತ್ತಲೇ ಇತ್ತು. ಹಾಗಾದರೆ ಕಾಲೇಜಿನವರು? ಇವರ ಫೋನು ಇಟ್ಟು ಕಾಲೇಜಿಗೆ ಮಾಡಿದೆ. ಆಫೀಸಿನಲ್ಲಿದ್ದವರು ತಾಳ್ಮೆಯಿಂದಲೇ ಹೇಳಿದರು: "ನಿನ್ನೆಯೂ ಮಾಡಿದ್ದೇವೆ ಮೇಡಂ, ಇವತ್ತು ಬೆಳಿಗ್ಗೆಯೂ ಮಾಡಿದ್ದೇವೆ. ರಿಂಗ್ ಆಗ್ತದೆ, ಯಾರೂ ತೆಗೆಯುದಿಲ್ಲ. ನಿಮಗೆ ಆಸಕ್ತಿ ಇಲ್ಲ ಅಂತ ಪ್ರಿನ್ಸಿಪಾಲರು ಎರಡನೆಯವರಿಗೆ ಹೇಳಿಬಿಟ್ಟರು. ಅವರು ನಾಳೆ ಬಂದು ಸೇರ್ತಾರೆ."

ಫೋನು ಇಟ್ಟೆ. ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ನೆಲದಲ್ಲಿ ಕೂತು, ಆ ಕೋಳಿಯ ಮುಖಕ್ಕೆ ಮುಖ ಕೊಟ್ಟು, ಗಂಟಲು ಹರಿಯುವ ಹಾಗೆ ಕೂಗಿದೆ: "ಆಯ್ತಾ ಈಗ? ಸಮಾಧಾನ ಆಯ್ತಾ ನಿನಗೆ? ಕೂತ್ಕೊ! ಇಡೀ ಜನ್ಮ ಇಲ್ಲೇ ಕೂತ್ಕೊ! ಈ ಮನೆಯಿಂದ ಯಾರೂ ಎಲ್ಲಿಗೂ ಹೋಗುದು ಬೇಡ! ಎಲ್ಲರೂ ಸೇರಿ ಇಲ್ಲೇ ಕಾವಿಗೆ ಕೂರುವ!"

ಬೀಪಾತುಮ್ಮ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟುಹೋದರು. ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಮಾತಾಡಿದ್ದು ಯಾರೊಡನೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆ ವಿದ್ಯೆ ಕಲಿಸಿದವರೇ ಅವರು. ಈಗ ಬೆಕ್ಕಿನ ಹತ್ತಿರ ಒಂದು ಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವರು ನನ್ನ ಮುಖ ನೋಡಿ, ನನಗೇ ಹೇಳಿದರು.

"ಗೋಣಿ ತಾ. ಕತ್ತಲೆ ಆಗ್ತಾ ಬಂತು, ಈಗ ಅದಕ್ಕೆ ಸರಿ ಕಾಣುದಿಲ್ಲ."

ಚಾವಡಿಯ ದೀಪ ಹಾಕಲಿಲ್ಲ. ನಾನು ಹಿಂದಿನಿಂದ ಹೋಗಿ ಕೋಳಿಯ ಮೇಲೆ ಗೋಣಿ ಹೊದೆಸಿ, ರೆಕ್ಕೆ ಸೇರಿಸಿ ಎತ್ತಿಕೊಂಡೆ. ಮಾಮಿ ಬುಟ್ಟಿಯನ್ನು ಹುಲ್ಲು ಕೂಡ ಕದಡದ ಹಾಗೆ ಎತ್ತಿದರು. "ಮೆಲ್ಲ" ಎಂದರು. "ಹೊಸ್ತಿಲು ಉಂಟು" ಎಂದೆ. ಗೋಣಿಯೊಳಗೆ ಕೋಳಿಯ ಮೈ ಸುಡುತ್ತಿತ್ತು, ಜ್ವರ ಬಂದ ಮಗುವನ್ನು ಎತ್ತಿಕೊಂಡ ಹಾಗೆ. ಗೂಡಿನೊಳಗೆ ಬುಟ್ಟಿ ಇಟ್ಟು, ಕೋಳಿಯನ್ನು ಇಳಿಸಿ, ಬಾಯಿಗೆ ದಪ್ಪ ಗೋಣಿ ಕಟ್ಟಿ ಪೂರ್ತಿ ಕತ್ತಲೆ ಮಾಡಿದೆವು. ಇಬ್ಬರೂ ಗೋಣಿಗೆ ಕಿವಿ ಕೊಟ್ಟು ನಿಂತೆವು. ಒಳಗೆ ಸ್ವಲ್ಪ ಸರಬರ. ಒಂದು 'ಕ್ರ್ರ್'. ಆಮೇಲೆ ಏನೂ ಇಲ್ಲ. ಕೂತಿತ್ತು.

"ನಾಳೆ ಬಸ್ಸು ಎಷ್ಟು ಗಂಟೆಗೆ?" ಎಂದರು ಮಾಮಿ.

"ಎಲ್ಲಿಗೆ?"

"ಮೂಡುಬಿದಿರೆಗೆ. ಮತ್ತೆಲ್ಲಿಗೆ, ಕಾಶಿಗಾ?"

ಮಾಮಿಗೆ ಬಸ್ಸು ಆಗಿಬರುವುದಿಲ್ಲ. ಮಾರನೆಯ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಒಂದು ಲಿಂಬೆಹಣ್ಣು ಹಿಡಿದು, ಅದನ್ನು ಮೂಸುತ್ತಾ ಹೊರಟರು. ಗುರುವಾಯನಕೆರೆಯಲ್ಲಿ ಇಳಿದು ವೇಣೂರು ದಾರಿಯ ಬಸ್ಸು ಹಿಡಿದೆವು. ತಿರುವು ಬಂದಾಗಲೆಲ್ಲ ಅವರು ಕಣ್ಣು ಮುಚ್ಚಿ ಲಿಂಬೆಹಣ್ಣನ್ನು ಮೂಗಿಗೆ ಒತ್ತುತ್ತಿದ್ದರು. ನನಗೆ ಸಮಾಧಾನವೇ ಇರಲಿಲ್ಲ. ಹೋಗಿ ಏನು ಮಾಡುವುದು? ಕೆಲಸ ಇನ್ನೊಬ್ಬರಿಗೆ ಹೋಗಿ ಆಗಿದೆ. ಇಷ್ಟು ದಿನ ಬೇಡ ಬೇಡ ಎಂದವರು ಈಗ ಹೊರಟದ್ದು ಯಾವ ಪುರುಷಾರ್ಥಕ್ಕೆ?

ಕೇಳಿಯೇಬಿಟ್ಟೆ. "ನಾನು ಹೋಗುದು ನಿಮಗೆ ಬೇಡ ಅಲ್ವಾ ಮಾಮಿ? ಮತ್ತೆ ಎಂತಕ್ಕೆ ಬಂದದ್ದು?"

ಅವರು ಕಣ್ಣು ಬಿಡದೆಯೇ ಹೇಳಿದರು: "ಬೇಡ ಅಂತ ಹೇಳುದಿದ್ರೆ ನಾನು ಹೇಳ್ಬೇಕು. ಕೋಳಿ ಹೇಳುದಾ?"

ನಾನು ಅವರ ಪಕ್ಕದ ಕಿಟಕಿಯನ್ನು ಇನ್ನಷ್ಟು ತೆರೆದೆ.

ಪ್ರಿನ್ಸಿಪಾಲರು ವಯಸ್ಸಾದವರು. ಅವರ ಎದುರಿನ ಕುರ್ಚಿಯಲ್ಲಿ ನನ್ನ ವಯಸ್ಸಿನ ಒಬ್ಬಳು ಹೊಸ ಸೀರೆ ಉಟ್ಟು ಕೂತಿದ್ದಳು. ಅವಳು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಾಮಿ ಕೈ ಮುಗಿದು, ಶಾಲೆಯಲ್ಲಿ ಕಲಿತ ಕನ್ನಡವನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತಾ ಶುರುಮಾಡಿದರು:

"ನಮಸ್ಕಾರ. ನಾನು ಇವಳ ಗಂಡನ ತಾಯಿ. ಇವಳಿಗೆ ಆಸಕ್ತಿ ಇಲ್ಲ ಎಂದು ತಾವು ತಿಳಿದಿದ್ದೀರಂತೆ. ಅದು ಸರಿಯಲ್ಲ. ಇವಳಿಗೆ ಆಸಕ್ತಿ ಬೇಕಾದ್ದಕ್ಕಿಂತ ಹೆಚ್ಚೇ ಉಂಟು. ಫೋನನ್ನು ತೆಗೆಯದೆ ಇದ್ದದ್ದು ನಮ್ಮ ಕೋಳಿಯ ದೆಸೆಯಿಂದ."

"ಕೋಳಿಯ?" ಎಂದರು ಪ್ರಿನ್ಸಿಪಾಲರು.

"ಹೌದು. ಕಾವಿಗೆ ಕೂತ ಕೋಳಿ."

ಆಮೇಲೆ ಮಾಮಿ ಬುಟ್ಟಿ, ಹುಲ್ಲು, ಡೈರೆಕ್ಟರಿ ಯಾವುದನ್ನೂ ಬಿಡದೆ ಹೇಳಿದರು. ಕೋಳಿ ವೈರನ್ನು ಹೇಗೆ ಎಳೆದು ಎದೆಯಡಿಗೆ ಸೇರಿಸಿತು ಎಂಬುದನ್ನು ಕತ್ತು ಬಗ್ಗಿಸಿ, ಲಿಂಬೆಹಣ್ಣು ಹಿಡಿದ ಕೈಯಿಂದಲೇ ಮಾಡಿ ತೋರಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊಸ ಸೀರೆಯವಳು ತಡೆಯಲಾಗದೆ ಕಿಸಕ್ಕನೆ ನಕ್ಕಳು. ಮಾಮಿ ಅವಳ ಕಡೆ ತಿರುಗಿ, "ನಗಬೇಡ ಮಗಾ, ನಿನಗೆ ಕೆಲಸ ಕೊಡಿಸಿದ್ದೂ ಅದೇ ಕೋಳಿ" ಎಂದರು. ಅವಳು ನಗು ನಿಲ್ಲಿಸಿ, ಒಮ್ಮೆ ನನ್ನ ಮುಖ ನೋಡಿ, ತಲೆ ತಗ್ಗಿಸಿದಳು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ಕೊಟ್ಟ ಕೆಲಸವನ್ನು ಹಿಂದೆ ತೆಗೆಯಲು ಆಗುವುದಿಲ್ಲ ಎಂದರು. ಅದು ನ್ಯಾಯವೇ. ನಾನು ಎದ್ದೆ. ಮಾಮಿ ಏಳಲಿಲ್ಲ, ಕೂತಲ್ಲೇ ಕೂತರು. ಸೀರೆಯನ್ನು ಸುತ್ತ ಹರಡಿಕೊಂಡು ಇನ್ನೂ ಗಟ್ಟಿಯಾಗಿ ಕೂತರು. ಪ್ರಿನ್ಸಿಪಾಲರು ಫ್ಯಾನು ನೋಡಿದರು, ಕಿಟಕಿ ನೋಡಿದರು. ಕೊನೆಗೆ, ಈ ವರ್ಷ ಮಕ್ಕಳು ಹೆಚ್ಚು ಸೇರಿದ್ದಾರೆ, ಲ್ಯಾಬಿಗೆ ವಾರದಲ್ಲಿ ಮೂರು ದಿನ ಒಬ್ಬರು ಬೇಕಾದೀತು, ಅರೆಕಾಲಿಕ, ಆಗಬಹುದಾ ಎಂದು ನನ್ನನ್ನು ಕೇಳಿದರು.

ಯೋಚಿಸಿ ಹೇಳ್ತೇನೆ ಸಾರ್ ಎನ್ನಬೇಕೆಂದಿದ್ದೆ. "ಆಗಬಹುದು" ಎಂದರು ಮಾಮಿ. "ಆದರೆ ನಾಲ್ಕೂವರೆಗೆ ಬಿಡಬೇಕು. ಆಮೇಲೆ ಅವಳಿಗೆ ಬಸ್ಸು ತಪ್ಪುತ್ತದೆ."

ಹಿಂದೆ ಬರುವಾಗ ನಾನು ಉರಿಯುತ್ತಿದ್ದೆ. ಪೂರ್ತಿ ಸಿಗಬೇಕಿದ್ದ ಕೆಲಸ ಅರ್ಧ ಸಿಕ್ಕಿತು, ಅದನ್ನೂ ಒಪ್ಪಿದವಳು ನಾನಲ್ಲ. ಮಾಮಿ ಮಾತ್ರ ಗೆದ್ದವರ ಹಾಗೆ ಲಿಂಬೆಹಣ್ಣು ಮೂಸುತ್ತಾ ಕೂತಿದ್ದರು. ಆ ಅರ್ಧ ಪೂರ್ತಿಯಾಗಲು ಮುಂದೆ ವರ್ಷಗಳೇ ಹಿಡಿದವು. ಹೊಸ ಸೀರೆಯವಳು ಮೊದಲ ವಾರವೇ ತನ್ನ ಡಬ್ಬಿಯಿಂದ ನನಗೆ ಊಟ ಹಂಚಿದಳು. ಈಗಲೂ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜು ಅವಳದ್ದೇ.

ಕೋಳಿ ಗೂಡಿನಲ್ಲೇ ಉಳಿಯಿತು. ಇಟ್ಟ ಮೊಟ್ಟೆಯಲ್ಲಿ ಅರ್ಧದಷ್ಟೂ ಮರಿಯಾಗಲಿಲ್ಲ. ಅಷ್ಟು ಸಲ ಬಿಸಿಯಾಗಿ, ಅಷ್ಟು ಸಲ ತಣ್ಣಗಾದ ಮೊಟ್ಟೆ, ಆದದ್ದೇ ಹೆಚ್ಚು. ಹಠಮಾರಿ ಪಿಳ್ಳೆಗಳು ನಾಲ್ಕು ಹೊರಗೆ ಬಂದವು. ತಾಯಿಯ ಹಿಂದೆ ಬಚ್ಚಲುಕೊಟ್ಟಿಗೆಯಿಂದ ಅಂಗಳಕ್ಕೆ ಇಳಿದವು.

ಕಾಲೇಜು ಶುರುವಾದ ಮೊದಲ ದಿನ ಸಂಜೆ ಬಸ್ಸಿನಿಂದ ಇಳಿದು ನಡೆದುಬರುವಾಗ ನನ್ನ ಕಾಲು ಬಿದ್ದುಹೋಗುವಷ್ಟು ನೋಯುತ್ತಿತ್ತು. ಇಡೀ ದಿನ ನಿಂತು, ಗಂಟಲು ಒಣಗಿ, ಒಂದು ಲೋಟ ಚಹಾ ಕುಡಿದು ಯಾರ ಮಾತೂ ಕೇಳದ ಹಾಗೆ ಒಂದು ಗಳಿಗೆ ಅಡ್ಡಾದರೆ ಸಾಕು ಎಂದುಕೊಂಡು ಬಂದೆ. ಮಾಮಿ ಬೇಲಿಯ ದಣಪೆಯ ಹತ್ತಿರವೇ ನಿಂತಿದ್ದರು. ನನ್ನನ್ನು ಕಂಡದ್ದೇ ಶುರುಮಾಡಿದರು. ಹನ್ನೊಂದು ಗಂಟೆಗೆ ಗಿಡುಗ ಬಂದದ್ದು, ಹೇಂಟೆ ಅದರ ಮೇಲೆ ಹಾರಿದ್ದು, ಬೀಪಾತುಮ್ಮ ಮಗನಿಗೆ ಹುಡುಗಿ ನೋಡಿದ್ದು, ಹಾಲಿಗೆ ಬೆಕ್ಕು ಬಾಯಿ ಹಾಕಿದ್ದು, ಗಂಜಿಗೆ ಉಪ್ಪು ಜಾಸ್ತಿಯಾದರೂ ಹೇಳುವವರಿಲ್ಲದೆ ಹಾಗೇ ಉಂಡದ್ದು. ನಾನು ಚಪ್ಪಲಿ ಬಿಚ್ಚಿದೆ, ಅವರು ಹೇಳುತ್ತಿದ್ದರು. ಕಾಲು ತೊಳೆದೆ, ಹೇಳುತ್ತಿದ್ದರು. ಚೊಂಬು ಹಿಡಿದು ಹಿಂದೆಯೇ ಬಂದು ಹೇಳಿದರು.

"ಮಾಮಿ, ಒಮ್ಮೆ ಕೂತ್ಕೊಳ್ಳಿಕ್ಕೆ ಬಿಡಿ ಮಾರಾಯ್ತಿ!" ಎಂದು ರೇಗಿದೆ.

"ಬೆಳಿಗ್ಗೆಯಿಂದ ಬಾಯಿ ಮುಚ್ಚಿ ಕೂತಿದ್ದೇನೆ, ನನಗೆ ಸಾಕಾಗಿದೆ" ಎಂದು ಅವರೂ ರೇಗಿದರು. "ಬೆಕ್ಕಿನ ಹತ್ರ ಎಷ್ಟು ಅಂತ ಮಾತಾಡುದು? ಅದು ತಿರುಗಿ ಒಂದು ಮಾತು ಹೇಳ್ತದಾ?"

ನಾನು ಜಗಲಿಯಲ್ಲಿ ಕಾಲು ಚಾಚಿ ಕೂತು, ಚಹಾ ಲೋಟ ಕೈಗೆ ತೆಗೆದುಕೊಂಡೆ. ಗಿಡುಗ ಬಂದಾಗ ನೀವು ಎಲ್ಲಿ ಹೋಗಿದ್ರಿ, ಎಂದು ಕೇಳಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರು ಕೂತು, ಮೊದಲಿನಿಂದ ಶುರುಮಾಡಿದರು.